ಯೂಕಾಸ್ ಅರ್ಜಿ: ಮೂರು ಪ್ರಶ್ನೆಯ ಪರ್ಸನಲ್ ಸ್ಟೇಟ್‌ಮೆಂಟ್, ಮೂರನೆಯದಕ್ಕೆ ಏನು ಬರೆಯೋದು?

ಚಿಕ್ಕಪೇಟೆ ಗಜಕಡ್ಡಿ
ಅಣ್ಣನ ಮಗಳು ದ್ವಿತೀಯ ಪಿಯು, ಸೆಬಾ ಕಾಂಬಿನೇಷನ್. ಇಂಗ್ಲೆಂಡಿನ ಐದು ವಿಶ್ವವಿದ್ಯಾಲಯಗಳಿಗೆ ಎಕನಾಮಿಕ್ಸ್ ಪದವಿಗೆ ಯೂಕಾಸ್ (ಬ್ರಿಟನ್ನಿನ ಪದವಿ ಅರ್ಜಿಗಳು ಹೋಗೋ ಕೇಂದ್ರ ವ್ಯವಸ್ಥೆ) ಮೂಲಕ ಅರ್ಜಿ ಹಾಕ್ತಿದ್ದಾಳೆ. ಪರ್ಸನಲ್ ಸ್ಟೇಟ್‌ಮೆಂಟ್ (ಮೂರು ಪ್ರಶ್ನೆಗೆ ತನ್ನ ಬಗ್ಗೆ ಬರೆಯೋ ಉತ್ತರ) ಕರಡು ಸಿದ್ಧ ಇದೆ, ಆದ್ರೆ ಫಾರಂ ಮುಂದಕ್ಕೆ ಹೋಗ್ತಿಲ್ಲ. ಮೊದಲ ಉತ್ತರ 2,140 ಅಕ್ಷರ, ಎರಡನೆಯದು 1,390, ಮೂರನೆಯದು 310. ಒಟ್ಟು 3,840, ಅಂದ್ರೆ 4,000ದ ಒಳಗೇ ಇದೆ. ಮತ್ತೇನು ತೊಂದರೆ?

ಇನ್ನೊಂದು, ಮೂರನೇ ಪ್ರಶ್ನೆಗೆ ಹೇಳಿಕೊಳ್ಳೋಕೆ ಅವಳ ಹತ್ರ ಏನೂ ಇಲ್ಲ. ಇಂಟರ್ನ್‌ಶಿಪ್ ಇಲ್ಲ, ಎನ್‌ಜಿಒ ಇಲ್ಲ. ಭಾನುವಾರ ಬಟ್ಟೆ ಅಂಗಡಿಯಲ್ಲಿ ಕೂತು ಉದ್ರಿ ಖಾತೆ ಬರೀತಾಳೆ, ಅಷ್ಟೆ. ಅದನ್ನ ಬರೆದ್ರೆ ಚೀಪಾಗಿ ಕಾಣುತ್ತಾ? ಮೊದಲ ಉತ್ತರ ಶುರುವಾಗೋದು "ಬಾಲ್ಯದಿಂದಲೂ ನನಗೆ ಅರ್ಥಶಾಸ್ತ್ರದ ಮೇಲೆ ಅಪಾರ ಒಲವು" ಅಂತ. (ಇಂಗ್ಲಿಷಲ್ಲೇ ಇದೆ, ಇಲ್ಲಿಗೆ ಕನ್ನಡದಲ್ಲಿ ಹೇಳ್ತಿದ್ದೀನಿ.)

ಲೀಸ್ಟರ್ ಲೋಟ
ತಡೆ ಹಾಕ್ತಿರೋದು ಆ 310. ಒಂದೊಂದು ಉತ್ತರಕ್ಕೂ ಕನಿಷ್ಠ 350 ಅಕ್ಷರ ಬೇಕು, ಮೂರೂ ಸೇರಿ 4,000 ಮೀರಬಾರದು. ಸ್ಪೇಸು, ಚುಕ್ಕೆ, ಕಾಮಾ ಎಲ್ಲ ಲೆಕ್ಕಕ್ಕೆ ಬರುತ್ತೆ. ಇಂಗ್ಲಿಷಲ್ಲಿ 4,000 ಅಂದ್ರೆ ಹೆಚ್ಚೂಕಮ್ಮಿ 600ರಿಂದ 650 ಪದ.

ಪ್ರಶ್ನೆಗಳನ್ನ ಇನ್ನೊಂದು ಸಲ ಓದಿಸಿ. ಒಂದು, ಈ ಕೋರ್ಸ್ ಅಥವಾ ವಿಷಯ ಯಾಕೆ ಓದಬೇಕು ಅಂತಿದ್ದೀರಿ. ಎರಡು, ನಿಮ್ಮ ಓದು ಮತ್ತು ಪರೀಕ್ಷೆಗಳು ಇದಕ್ಕೆ ನಿಮ್ಮನ್ನ ಹೇಗೆ ಸಿದ್ಧ ಮಾಡಿವೆ. ಮೂರು, ಶಿಕ್ಷಣದ ಹೊರಗೆ ಇನ್ನೇನು ಮಾಡಿದ್ದೀರಿ, ಅದು ಯಾಕೆ ಉಪಯೋಗಕ್ಕೆ ಬರುತ್ತೆ. ಮೂರನೆಯದರಲ್ಲಿರೋ ಆ "ಯಾಕೆ"ಯನ್ನ ಮುಕ್ಕಾಲು ಪಾಲು ಜನ ಓದೋದೇ ಇಲ್ಲ. ಪಟ್ಟಿ ಕೊಟ್ಟು ಕೈ ತೊಳೀತಾರೆ. 310 ಅಕ್ಷರ ನೋಡಿದ್ರೆ ಇಲ್ಲೂ ಬರೀ ಪಟ್ಟಿ ಇರೋ ಹಾಗಿದೆ.

ತಿಪಟೂರು ತೆಂಗು
47 ಸಾಲಿನ ಮಿತಿಯನ್ನೂ ನೋಡ್ಕೊಳ್ಳಿ, ಅಕ್ಷರ ಸರಿ ಇದ್ದು ಸಾಲು ಜಾಸ್ತಿ ಆದ್ರೂ ಒಪ್ಪಲ್ಲ.

ಲೀಸ್ಟರ್ ಲೋಟ
@ತಿಪಟೂರು ತೆಂಗು ಅದು ಹಳೇದು. ಒಂದೇ ಉದ್ದನೆಯ ಪ್ರಬಂಧ ಇದ್ದಾಗ 47 ಸಾಲು ಇತ್ತು. 2026ರ ಪ್ರವೇಶದಿಂದ ಮೂರು ಪ್ರಶ್ನೆ ಬಂದಿದೆ. ಸೀನಿಯರ್‌ಗಳು ಕೊಡೋ "ಆಯ್ಕೆಯಾದ ಸ್ಯಾಂಪಲ್" ಬಹಳಷ್ಟು ಹಳೇ ಮಾದರಿಯವು. ಅದನ್ನ ಮೂರು ತುಂಡು ಮಾಡಿ ಅಂಟಿಸಿದ್ರೆ ಮೊದಲ ಪೆಟ್ಟಿಗೆಯಲ್ಲಿ ಪೀಠಿಕೆ, ಕೊನೇದರಲ್ಲಿ "ಆದ್ದರಿಂದ ನಾನು ಅರ್ಹಳು" ಅಂತ ಉಪಸಂಹಾರ ಉಳ್ಕೊಳ್ಳುತ್ತೆ. ಈಗ ಎರಡೂ ದಂಡ.

ಹುಬ್ಬಳ್ಳಿ ಗಿರ್ಮಿಟ್
"ಬಾಲ್ಯದಿಂದಲೂ" ಮೊದ್ಲ ಹೊಡದ ಹಾಕ್ರಿ. ಎಂಟ ವರ್ಷದ ಹುಡುಗಿಗೆ ಅರ್ಥಶಾಸ್ತ್ರದ ಮ್ಯಾಲೆ ಒಲವು ಎಲ್ಲಿಂದ ಬಂತು? 2007ರಾಗ ಯೂಕಾಸ್‌ನವ್ರು 50,000 ಅರ್ಜಿ ಕಂಪ್ಯೂಟರ್‌ಗೆ ಹಾಕಿ ತಾಳೆ ನೋಡಿದ್ರು. 234 ಮಂದಿ "ಎಂಟನೇ ವಯಸ್ಸಿನ್ಯಾಗ ಪೈಜಾಮಾ ಸುಟ್ಟು ತೂತ ಬಿತ್ತು" ಅಂತ ಒಂದ ಕತಿ ಬರದಿದ್ರು. 175 ಮಂದಿಗೆ ಅದ ವಯಸ್ಸಾದ, ಇಲ್ಲಾ ನಿತ್ರಾಣ ಆದ ಅಜ್ಜ! ಇಂಟರ್ನೆಟ್‌ನ್ಯಾಗ ಇದ್ದ ಒಂದೆರಡು ಮಾದರಿ ನೋಡಿ ನಕಲ ಹೊಡದಿದ್ದು. ಈಗ ಹೊಸಾ ಅರ್ಜಿ ಎಲ್ಲಾ ಹಳೇ ಅರ್ಜಿ ಜೋಡಿ ಹೋಲಿಸಿ ನೋಡೂ ಸಾಫ್ಟ್‌ವೇರ್ ಐತಿ. ಸಿಕ್ಕಿಬಿದ್ರ ಐದೂ ವಿಶ್ವವಿದ್ಯಾಲಯಕ್ಕ ಸುದ್ದಿ ಹೋಗ್ತದ.

ಕುಡ್ಲ ಬನ್ಸ್
ಅಜ್ಜನ ಕಥೆ ಬೇಡ ಅನ್ನುವುದು ಯಾಕೆ ಮಾರಾಯ್ರೆ? ಒಳ್ಳೆಯ ಕಥೆಯಿಂದ ಶುರು ಮಾಡಿದರೆ ಓದುವವರ ಮನಸ್ಸು ಹಿಡಿಯುತ್ತದೆ. ಎಲ್ಲ ಕೌನ್ಸೆಲರ್‌ಗಳೂ ಅದನ್ನೇ ಹೇಳುವುದು.

ಲೀಸ್ಟರ್ ಲೋಟ
@ಕುಡ್ಲ ಬನ್ಸ್ ಅವರು ಹೇಳೋದು ಅಮೆರಿಕದ ಕಾಲೇಜುಗಳಿಗೆ ಹಾಕೋ ಕಾಮನ್ ಆಪ್ ಅನ್ನೋ ಅರ್ಜಿಯ ಪ್ರಬಂಧದ ಬಗ್ಗೆ. ಅದು 250ರಿಂದ 650 ಪದ, ಅಲ್ಲಿ ನೀವು ಎಂಥ ಮನುಷ್ಯ ಅಂತ ನೋಡ್ತಾರೆ, ಅಜ್ಜಿ, ಅಡುಗೆಮನೆ ಎಲ್ಲ ನಡೆಯುತ್ತೆ. ಬ್ರಿಟನ್ನಿನಲ್ಲಿ ಹುಡುಗಿ ಸೇರೋದು ಒಂದು ವಿಷಯಕ್ಕೆ. ಅರ್ಜಿ ಓದೋದು ಆ ವಿಭಾಗದ ಮೇಷ್ಟ್ರು, ಇಲ್ಲಾ ಅವರ ಮಾನದಂಡ ಇಟ್ಕೊಂಡು ನೋಡೋ ಸಿಬ್ಬಂದಿ. ಮೂರು ವರ್ಷ ಅದೇ ವಿಷಯ ಓದೋಕೆ ಈ ತಲೆ ಸಾಕಾ ಅನ್ನೋದಷ್ಟೇ ಅವರ ಪ್ರಶ್ನೆ. (ಸ್ಕಾಟ್ಲೆಂಡ್ ಆದ್ರೆ ನಾಲ್ಕು ವರ್ಷ.)

ಕುಡ್ಲ ಬನ್ಸ್
ಹಾಗಾ. ಒಂದೇ ಪ್ರಬಂಧವನ್ನು ಎರಡೂ ಕಡೆ ಕಳಿಸುವವರು ಬೇಕಾದಷ್ಟು ಮಂದಿ ಉಂಟು.

ಹುಬ್ಬಳ್ಳಿ ಗಿರ್ಮಿಟ್
ಎರಡೂ ಕಡಿಂದ "ಸಾರಿ" ಅನ್ನಿಸ್ಕೊಳ್ಳೂ ಮಂದೀನೂ ಅಷ್ಟ ಐತ್ರಿ.

ಗಣಿತದ ಗುಮ್ಮ
ಎಲ್ರೂ ಮೊದಲ ಸಾಲಿನ ಮೇಲೆ ಜಗಳ ಆಡ್ತಿದ್ದೀರಿ, ಮೂಲದಲ್ಲೇ ಒಂದು ತೊಡಕಿದೆ. ಸೆಬಾ ಅಂದ್ರೆ ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಮ್ಯಾಥಮ್ಯಾಟಿಕ್ಸ್ ಎಲ್ಲಿ? ಎಲ್‌ಎಸ್‌ಇ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್), ಕೇಂಬ್ರಿಜ್, ವಾರ್ವಿಕ್ ತರದ ಕಡೆ ಎಕನಾಮಿಕ್ಸ್‌ಗೆ 12ನೇ ತರಗತಿ ಮಟ್ಟದ ಮ್ಯಾಥ್ಸ್ ಇಲ್ಲದೆ ಬಾಗಿಲೇ ತೆರೆಯಲ್ಲ. ಮೊದಲ ವರ್ಷದಲ್ಲೇ ಡಿಫರೆನ್ಸಿಯೇಷನ್, ಆಪ್ಟಿಮೈಸೇಷನ್, ಮ್ಯಾಟ್ರಿಕ್ಸ್ ಇರುತ್ತೆ. ಸ್ಟ್ಯಾಟಿಸ್ಟಿಕ್ಸ್ ಅಂಕ 100ಕ್ಕೆ 100 ಇದ್ರೂ ಅದು ಮ್ಯಾಥ್ಸ್ ಜಾಗದಲ್ಲಿ ಕೂರಲ್ಲ. ಬೇಸಿಕ್ ಮ್ಯಾಥ್ಸ್ ಅಂತ ಪಿಯುನಲ್ಲಿ ಇರೋದನ್ನೂ ಬಹಳ ಕಡೆ ಒಪ್ಪಲ್ಲ. ಐದು ಕೋರ್ಸ್ ಯಾವ್ಯಾವು?

ಚಿಕ್ಕಪೇಟೆ ಗಜಕಡ್ಡಿ
ಅಯ್ಯೋ. ಐದರಲ್ಲಿ ಎರಡು ನೀವು ಹೇಳಿದ ಪಟ್ಟಿಯಲ್ಲೇ ಇವೆ. ಅಂಕ ಚೆನ್ನಾಗಿದ್ರೆ ಸಾಕು ಅಂತ ಕನ್ಸಲ್ಟೆನ್ಸಿಯವರು ಹೇಳಿದ್ರು. ಬಿಎ ಎಕನಾಮಿಕ್ಸ್ ಹಾಕಿದ್ರೆ ಮ್ಯಾಥ್ಸ್ ಬೇಡ, ಬಿಎಸ್ಸಿಗೆ ಮಾತ್ರ ಬೇಕು ಅಂತನೂ ಅಂದ್ರು.

ಗಣಿತದ ಗುಮ್ಮ
ಹೆಸರು ನೋಡಿ ನಿರ್ಧಾರ ಮಾಡಬೇಡಿ. ಕೇಂಬ್ರಿಜ್‌ನ ಎಕನಾಮಿಕ್ಸ್ ಬಿಎನೇ, ಅಲ್ಲಿ ಮ್ಯಾಥ್ಸ್ ಕಡ್ಡಾಯ. ಪ್ರತಿ ಕೋರ್ಸಿನ ಪುಟದಲ್ಲಿ ಎರಡು ಕಡೆ ನೋಡಬೇಕು. ಮೊದಲು ಎ-ಲೆವೆಲ್ (ಅಲ್ಲಿಯ 12ನೇ ತರಗತಿ ಮಟ್ಟದ ಪರೀಕ್ಷೆ) ಅರ್ಹತೆಯಲ್ಲಿ "ಮ್ಯಾಥಮ್ಯಾಟಿಕ್ಸ್ ಸೇರಿ" ಅಂತ ಇದೆಯಾ. ಆಮೇಲೆ ಭಾರತದ ಅರ್ಹತೆಯ ಭಾಗ. ಅಲ್ಲಿ ಸಿಬಿಎಸ್‌ಇ, ಐಎಸ್‌ಸಿಗೆ ಒಂದು ಶೇಕಡಾ, ರಾಜ್ಯ ಬೋರ್ಡಿಗೆ ಅದಕ್ಕಿಂತ ಜಾಸ್ತಿ ಕೇಳೋ ಕಡೆ ಬಹಳ ಇವೆ. ರಾಜ್ಯ ಬೋರ್ಡನ್ನೇ ಒಪ್ಪದ ಕಡೆಯೂ ಇದೆ.

ಮ್ಯಾಥ್ಸ್ ಕೇಳದ ಎಕನಾಮಿಕ್ಸ್ ಕೋರ್ಸ್‌ಗಳೂ ಇವೆ. ಬಿಸಿನೆಸ್ ಎಕನಾಮಿಕ್ಸ್, ಎಕನಾಮಿಕ್ಸ್ ಅಂಡ್ ಪಾಲಿಟಿಕ್ಸ್ ಕಡೆ ಹುಡುಕಿ. ಇಲ್ಲಾಂದ್ರೆ ಪದವಿಗೆ ಮುಂಚೆ ತಯಾರಿಯ ಫೌಂಡೇಷನ್ ವರ್ಷ, ಅಂದ್ರೆ ಒಂದು ವರ್ಷದ ಖರ್ಚು ಜಾಸ್ತಿ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಕಡೆಯಿಂದ ಮ್ಯಾಥ್ಸ್ ಒಂದನ್ನೇ ಬರೆಯೋಕಾಗುತ್ತೆ, ಆದ್ರೆ ಒಪ್ತೀರಾ ಅಂತ ಅಡ್ಮಿಷನ್ಸ್ ಆಫೀಸಿಗೆ ಮೊದಲೇ ಮೇಲ್ ಮಾಡಿ ಲಿಖಿತ ಉತ್ತರ ಇಟ್ಕೊಳ್ಳಿ. ಫೋನಲ್ಲಿ ಹೇಳಿದ್ದನ್ನ ನಂಬ್ಕೊಂಡು ಕೂರಬೇಡಿ.

ತಿಪಟೂರು ತೆಂಗು
ಕನ್ಸಲ್ಟೆನ್ಸಿಗೆ ಕಮಿಷನ್ ಕೊಡೋದು ವಿಶ್ವವಿದ್ಯಾಲಯ. ಯಾವುದು ಕೊಡುತ್ತೋ ಅದೇ ಅವರ ಕಣ್ಣಿಗೆ ಬೆಸ್ಟು.

ಮಂಡ್ಯದ ಬೆಲ್ಲ
ಎಲ್ಲ ಕನ್ಸಲ್ಟೆನ್ಸಿನೂ ಹಂಗಿರಲ್ಲ ಕಣ್ರೀ. ವೀಸಾ ಕಾಗದಪತ್ರಕ್ಕೆ ಅವರಿಂದ ಅನುಕೂಲ ಇದ್ದೇ ಇದೆ. ಆದ್ರೆ ಸ್ಟೇಟ್‌ಮೆಂಟ್ ಬರೆಸ್ಕೊಳ್ಳೋದು ಮಾತ್ರ ಬೇಡ, ಹತ್ತು ಹುಡುಗರಿಗೆ ಒಂದೇ ಹಿಟ್ಟಲ್ಲಿ ದೋಸೆ ಹುಯ್ದಿರ್ತಾರೆ.

ಸೂಚ್ಯಂಕ
ಮ್ಯಾಥ್ಸ್ ವಿಷಯ ಮೊದಲು ಬಗೆಹರಿಸಿ, ಅದು ಸರಿ. ಆದ್ರೆ ಸ್ಟ್ಯಾಟಿಸ್ಟಿಕ್ಸ್ ಇರೋದನ್ನ ಎರಡನೇ ಉತ್ತರದಲ್ಲಿ ಬಂಡವಾಳ ಮಾಡ್ಕೋಬಹುದು. ಸಾಮಾನ್ಯವಾಗಿ ಮಕ್ಕಳು ಬರೆಯೋದು "ಸಂಖ್ಯಾಶಾಸ್ತ್ರ ನನ್ನ ವಿಶ್ಲೇಷಣಾ ಸಾಮರ್ಥ್ಯವನ್ನು ಹೆಚ್ಚಿಸಿತು" ಅಂತ. ಇದು ಯಾರು ಬೇಕಾದ್ರೂ ಬರೆಯಬಹುದಾದ ಸಾಲು, ಓದೋರಿಗೆ ಏನೂ ಸಿಗಲ್ಲ.

ಬದಲಿಗೆ ಪಾಠದಿಂದಲೇ ಒಂದು ಎಳೆ ಹಿಡೀರಿ. ದ್ವಿತೀಯ ಪಿಯು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಇಂಡೆಕ್ಸ್ ನಂಬರ್ಸ್ ಅಧ್ಯಾಯ ಇದೆ. ಲಾಸ್‌ಪೈರಸ್ ವಿಧಾನದಲ್ಲಿ ತೂಕ (ಯಾವ ವಸ್ತುವಿಗೆ ಎಷ್ಟು ಪಾಲು ಅನ್ನೋದು) ಮೂಲ ವರ್ಷದ್ದು, ಪಾಶೆಯಲ್ಲಿ ಪ್ರಸ್ತುತ ವರ್ಷದ್ದು. ನಮ್ಮ ಗ್ರಾಹಕ ಬೆಲೆ ಸೂಚ್ಯಂಕದ 2012 ಮೂಲ ವರ್ಷದ ಸರಣಿಯಲ್ಲಿ ಆಹಾರ ಮತ್ತು ಪಾನೀಯಕ್ಕೆ 100ಕ್ಕೆ 45.86ರಷ್ಟು ತೂಕ ಇತ್ತು. ತೂಕ ಮೂಲ ವರ್ಷದ್ದೇ ಆದ್ರಿಂದ, ವರ್ಷ ಕಳೆದ ಹಾಗೆ ಮನೆ ಖರ್ಚಲ್ಲಿ ಊಟದ ಪಾಲು ಇಳಿದು ಮೊಬೈಲು, ಬಾಡಿಗೆ, ಓಡಾಟದ ಪಾಲು ಏರಿದ್ರೂ ಸೂಚ್ಯಂಕಕ್ಕೆ ಗೊತ್ತಾಗಲ್ಲ. ತರಕಾರಿ ಬೆಲೆ ಏರಿದ ತಿಂಗಳು ಹಣದುಬ್ಬರ ಮನೆಗೆ ತಟ್ಟಿದ್ದಕ್ಕಿಂತ ಜಾಸ್ತಿ ಕಾಣಬಹುದು.

ಇದನ್ನ ನಾಲ್ಕು ವಾಕ್ಯದಲ್ಲಿ ಬರೆಯಲಿ. ಪಾಠದಲ್ಲಿ ಏನು ಕಲಿತೆ, ನಿಜವಾದ ಅಂಕಿಯಲ್ಲಿ ಅದನ್ನ ಎಲ್ಲಿ ಕಂಡೆ, ಏನು ಹೊಂದಲಿಲ್ಲ, ಅದಕ್ಕೆ ಇನ್ನೇನು ಓದಿದೆ. 600 ಅಕ್ಷರ ಸಾಕು. "ವಿಶ್ಲೇಷಣಾ ಸಾಮರ್ಥ್ಯ" ಅನ್ನೋ ಮಾತೇ ಬೇಡ, ಅದು ಇದೆ ಅಂತ ಓದೋರಿಗೆ ತಾನಾಗೇ ಗೊತ್ತಾಗುತ್ತೆ. ಅಂಕಿ ಬೇಕಾದ್ರೆ ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ.

ಎಚ್ಚರಿಕೆ ಒಂದೇ. ಅವಳಿಗೆ ಅರ್ಥ ಆಗದ್ದನ್ನ ತುರುಕಬೇಡಿ. ಸಂದರ್ಶನ ಇರೋ ಕಡೆ ಮೊದಲ ಪ್ರಶ್ನೆ ಅದೇ ಸಾಲಿನ ಮೇಲೆ ಬೀಳುತ್ತೆ.

ಮಂಡ್ಯದ ಬೆಲ್ಲ
ಇದು ಚೆನ್ನಾಗಿದೆ. ಮೊದಲ ಪ್ರಶ್ನೆಗೂ ಇಂಥದ್ದೇ ಒಂದು ಹೇಳಿ ಪುಣ್ಯ ಕಟ್ಕೊಳ್ಳಿ.

ಸೂಚ್ಯಂಕ
@ಮಂಡ್ಯದ ಬೆಲ್ಲ ಕೋಲಾರದ ಟೊಮೆಟೊ. 2023ರ ಜುಲೈಯಲ್ಲಿ ಬೆಂಗಳೂರಲ್ಲಿ ಕೆಜಿ ನೂರು ರೂಪಾಯಿ ದಾಟಿತ್ತು. ಒಳ್ಳೆ ರೇಟು ಸಿಕ್ಕಿತು ಅಂತ ಎಲ್ರೂ ನಾಟಿ ಮಾಡ್ತಾರೆ, ಎರಡು ಮೂರು ತಿಂಗಳಿಗೆ ಮಾರುಕಟ್ಟೆಗೆ ರಾಶಿ ಬಂದು ರೇಟು ಬೀಳುತ್ತೆ. ಇದಕ್ಕೆ ಕಾಬ್‌ವೆಬ್ ಮಾದರಿ ಅಂತಾರೆ, 1934ರಲ್ಲಿ ಅರ್ಥಶಾಸ್ತ್ರಜ್ಞ ಕಾಲ್ಡೋರ್ ಇಟ್ಟ ಹೆಸರು. ಆದ್ರೆ ಅಷ್ಟಕ್ಕೇ ನಿಲ್ಲಿಸಬಾರದು. ಪ್ರತಿ ಸಲ ಪೆಟ್ಟು ತಿಂದ ರೈತ ಯಾಕೆ ಹೋದ ಸಲದ ರೇಟನ್ನೇ ನಂಬ್ತಾನೆ? ಶೈತ್ಯಾಗಾರ ಇದ್ರೆ ಏನಾಗುತ್ತೆ? ಅವಳಿಗೆ ಏಳೋ ಪ್ರಶ್ನೆಯೇ "ಈ ವಿಷಯ ಯಾಕೆ" ಅನ್ನೋದಕ್ಕೆ ಉತ್ತರ. ಒಲವು, ಆಸಕ್ತಿ, ಕನಸು ಇದ್ಯಾವ ಪದವೂ ಬೇಡ.

ಕುಡ್ಲ ಬನ್ಸ್
ಈಗ ಇದನ್ನು ಓದಿದ ನೂರು ಮಂದಿ ಟೊಮೆಟೊ ಬರೆಯುತ್ತಾರೆ, ಪೈಜಾಮದ ಕಥೆಯೇ ಆಯಿತು.

ಸೂಚ್ಯಂಕ
@ಕುಡ್ಲ ಬನ್ಸ್ ನಿಜ, ಒಪ್ಪಿದೆ. ಟೊಮೆಟೊ ಮಾದರಿಗಷ್ಟೆ. ನಿಮ್ಮಲ್ಲಿ ಅಡಿಕೆ ಇದೆ, ಗೋಡಂಬಿ ಇದೆ, ಮೀನುಗಾರಿಕೆ ರಜೆ ಇದೆ.

ಗಾಂಧಿಬಜಾರ್ ಗ್ರಾಮಫೋನ್
ಅಂಗಡಿಯ ಉದ್ರಿ ಖಾತೆಗೆ ಬರೋಣ. ಎಲ್ರೂ ಅದನ್ನ ಬಿಟ್ಟೇ ಬಿಟ್ಟಿರಿ. ಮೂರನೇ ಉತ್ತರಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. ದುಡ್ಡು ಕೊಟ್ಟು ತಗೊಳ್ಳೋ ಎರಡು ವಾರದ "ಇಂಟರ್ನ್‌ಶಿಪ್" ಪ್ರಮಾಣಪತ್ರದ ತೂಕ ಇದರ ಕಾಲು ಭಾಗನೂ ಇಲ್ಲ.

ಬಟ್ಟೆ ಸಗಟು ವ್ಯಾಪಾರದಲ್ಲಿ ಕೈಮೇಲೆ ದುಡ್ಡು ಕೊಟ್ರೆ ಒಂದು ರೇಟು, ಎರಡು ತಿಂಗಳು ಬಿಟ್ಟು ಕೊಟ್ರೆ ಇನ್ನೊಂದು. ಉದಾಹರಣೆಗೆ 100 ರೂಪಾಯಿ ಮಾಲಿಗೆ ನಗದಾದ್ರೆ 3 ರೂಪಾಯಿ ಬಿಡ್ತಾರೆ ಅಂತ ಇಟ್ಕೊಳ್ಳಿ. ಅಂದ್ರೆ 97 ರೂಪಾಯಿಯನ್ನ 60 ದಿನ ಇಟ್ಕೊಂಡಿದ್ದಕ್ಕೆ 3 ರೂಪಾಯಿ. 3 ಭಾಗಿಸು 97, ಗುಣಿಸು 365, ಭಾಗಿಸು 60. ವರ್ಷಕ್ಕೆ 18.8 ಶೇಕಡಾ ಬಡ್ಡಿ ಬಿತ್ತು. ಯಾರೂ ಬಡ್ಡಿ ಅಂತ ಕರೆಯಲ್ಲ, ಆದ್ರೆ ಅದು ಬಡ್ಡಿನೇ. ಇಷ್ಟು ಕೊಟ್ಟಾದ್ರೂ ಚಿಲ್ಲರೆ ಅಂಗಡಿಯವನು ಬ್ಯಾಂಕಿಗೆ ಯಾಕೆ ಹೋಗಲ್ಲ? ಅಡಮಾನ ಇಲ್ಲ, ಕಾಗದಪತ್ರ ಇಲ್ಲ, ಇಲ್ಲಿ ಮುಖ ನೋಡಿ ಕೊಡ್ತಾರೆ. ಹಬ್ಬಕ್ಕೆ ಮುಂಚೆ ಉದ್ರಿ ಯಾಕೆ ಏರುತ್ತೆ? ಈ ಎರಡು ಪ್ರಶ್ನೆಗೆ ಖಾತೆ ಪುಸ್ತಕದಿಂದಲೇ ಉತ್ತರ ಹುಡುಕಿದ್ರೆ 800 ಅಕ್ಷರ ಸಲೀಸಾಗಿ ಆಗುತ್ತೆ. ಗಿರಾಕಿಗಳ ಹೆಸರು ಹಾಕೋದು ಬೇಡ. ದರ ನಿಮ್ಮ ಅಂಗಡೀದೇ ಹಾಕಿ, ನನ್ನ 3 ರೂಪಾಯಿ ಬರೀ ಲೆಕ್ಕಕ್ಕೆ.

ಚಿಕ್ಕಪೇಟೆ ಗಜಕಡ್ಡಿ
ಗ್ರಾಮಫೋನ್ ಸಾರ್, ನಮ್ಮಲ್ಲಿ 45 ದಿನಕ್ಕೆ ಎರಡು ಪರ್ಸೆಂಟು. ಬಡ್ಡಿ ಅಂತ ಯೋಚನೇನೇ ಮಾಡಿರಲಿಲ್ಲ.

ಗಾಂಧಿಬಜಾರ್ ಗ್ರಾಮಫೋನ್
2 ಭಾಗಿಸು 98, ಗುಣಿಸು 365, ಭಾಗಿಸು 45. 16.6 ಶೇಕಡಾ. ಅವಳೇ ಲೆಕ್ಕ ಮಾಡಲಿ, ನೀವು ಹೇಳಿಕೊಡಬೇಡಿ.

ಮಂಡ್ಯದ ಬೆಲ್ಲ
ಚಾಟ್‌ಜಿಪಿಟಿಗೆ ಈ ಲೆಕ್ಕ ಎಲ್ಲ ಕೊಟ್ಟು ಬರೆಸಿದ್ರೆ ಚಂದವಾಗಿ ಬರೆಯಲ್ವಾ?

ಲೀಸ್ಟರ್ ಲೋಟ
ಚಂದವಾಗಿ ಬರೆಯುತ್ತೆ, ಎಲ್ರಿಗೂ ಒಂದೇ ಚಂದ. ಅದೂ ಅಲ್ದೆ ಅರ್ಜಿ ಕಳಿಸೋವಾಗ "ಇದು ನಾನೇ ಬರೆದದ್ದು, ಬೇರೆ ಕಡೆಯಿಂದ ಅಥವಾ ಎಐನಿಂದ ತೆಗೆದದ್ದಲ್ಲ" ಅಂತ ಒಪ್ಪಿಗೆ ಹಾಕಬೇಕು. ಯೋಚನೆ ವಿಂಗಡಿಸೋಕೆ, ಕಾಗುಣಿತ ನೋಡೋಕೆ ಬಳಸಿದ್ರೆ ತಪ್ಪೇನಿಲ್ಲ. ಅದು ಕೊಟ್ಟ ಸಾಲನ್ನೇ ಅಂಟಿಸಿದ್ರೆ ಒಪ್ಪಿಗೆ ಸುಳ್ಳಾಯ್ತು.

ತಿಪಟೂರು ತೆಂಗು
ಕನ್ನಡದಲ್ಲಿ ಬರೆಯೋಕೆ ಬಿಟ್ಟಿದ್ರೆ ಒತ್ತಕ್ಷರ ಒಂದಾ ಎರಡಾ ಅಂತ ಇನ್ನೊಂದು ಜಗಳ ಇರ್ತಿತ್ತು 😄

ಹುಬ್ಬಳ್ಳಿ ಗಿರ್ಮಿಟ್
ವೆಲ್ಷ್ ಭಾಷಾದಾಗ ಬರಿಲಿಕ್ಕೆ ಬಿಡ್ತಾರ್ರೀ, ವೇಲ್ಸ್ ವಿಶ್ವವಿದ್ಯಾಲಯಗಳಿಗೆ. ಕನ್ನಡ ಕಲ್ತಂಗ ವೆಲ್ಷ್ ಕಲ್ತಬಿಡ್ರಿ.

ಸಹಿ ಸೀಲು
ಸ್ಟೇಟ್‌ಮೆಂಟ್ ಎಷ್ಟು ತಿದ್ದಿದ್ರೂ ನಮ್ಮ ಕಡೆ ಅರ್ಜಿ ನಿಲ್ಲೋದು ಲೆಕ್ಚರರ್ ಬರೆದು ಕೊಡೋ ರೆಫರೆನ್ಸ್‌ನಲ್ಲಿ. ಅದು ಬರದೆ ಅರ್ಜಿ ಹೋಗಲ್ಲ. ಪಿಯು ಕಾಲೇಜು ಯೂಕಾಸ್‌ನಲ್ಲಿ ನೋಂದಣಿ ಆಗಿರೋದು ಅಪರೂಪ, ಹಾಗಾಗಿ ಸ್ವತಂತ್ರ ಅಭ್ಯರ್ಥಿಯಾಗಿ ಲೆಕ್ಚರರ್ ಹೆಸರು, ಮೇಲ್ ಕೊಡಬೇಕು. ಲಿಂಕ್ ಅವರ ಮೇಲ್‌ಗೆ ಹೋಗುತ್ತೆ, ಸ್ಪ್ಯಾಮ್‌ನಲ್ಲಿ ಕೂತಿರುತ್ತೆ, ಅವರು ನೋಡಲ್ಲ. ಕಾಲೇಜಿನ ಅಧಿಕೃತ ಮೇಲ್ ಕೊಡಿ, ಆದ್ರೆ ಅದನ್ನ ಯಾರು ತೆರೀತಾರೆ ಅಂತ ಆಫೀಸಲ್ಲಿ ಮೊದಲು ಕೇಳ್ಕೊಳ್ಳಿ. ನೆಂಟರು ರೆಫರೆನ್ಸ್ ಕೊಡೋ ಹಾಗಿಲ್ಲ.

ರೆಫರೆನ್ಸ್ ಈಗ ಮೂರು ಭಾಗ. ಕಾಲೇಜಿನ ಬಗ್ಗೆ ಒಂದು, ವಿದ್ಯಾರ್ಥಿಗೆ ಬಂದ ಕಷ್ಟ ಏನಾದ್ರೂ ಇದ್ರೆ ಒಂದು, ಓದಿನ ಬಗ್ಗೆ ಪೂರಕ ಮಾಹಿತಿ ಒಂದು. ಪ್ರಥಮ ಪಿಯುನಲ್ಲಿ ಕಾಯಿಲೆ ಬಿದ್ದು ಅಂಕ ಕಡಿಮೆ ಬಂತು ಅನ್ನೋ ತರದ್ದು ಆ ಎರಡನೇ ಭಾಗಕ್ಕೆ ಹೋಗಬೇಕು. ಸ್ಟೇಟ್‌ಮೆಂಟಿನ 4,000 ಅಕ್ಷರವನ್ನ ಅದಕ್ಕೆ ಸುರೀಬೇಡಿ. ಇದರ ಜೊತೆ ಪ್ರಿಡಿಕ್ಟೆಡ್ ಗ್ರೇಡ್ ಬೇಕು, ಅಂದ್ರೆ ಪ್ರತಿ ವಿಷಯದಲ್ಲೂ ಎಷ್ಟು ಬರಬಹುದು ಅನ್ನೋ ಅಂದಾಜು. "ಔಟ್‌ಸ್ಟ್ಯಾಂಡಿಂಗ್ ಸ್ಟೂಡೆಂಟ್, ವಿಶ್ ಹರ್ ಆಲ್ ಸಕ್ಸೆಸ್" ಅಂತ ಕ್ಯಾರೆಕ್ಟರ್ ಸರ್ಟಿಫಿಕೇಟ್ ಧಾಟಿಯಲ್ಲಿ ಬರೆದು ಕೊಡ್ತಾರೆ. ಅಂಕದ ಅಂದಾಜು, ತರಗತಿಯಲ್ಲಿ ಅವಳು ಮಾಡಿದ ಒಂದು ನಿರ್ದಿಷ್ಟ ಕೆಲಸ, ಇವೆರಡು ಬೇಕು ಅಂತ ಲೆಕ್ಚರರ್‌ಗೆ ವಿನಯವಾಗಿ ಒಂದು ಚೀಟಿ ಬರೆದು ಕೊಡಿ.

ಬೋರ್ಡ್ ಆಯ್ಕೆ ಮಾಡೋವಾಗ ಸಿಬಿಎಸ್‌ಇ ಒತ್ತಿಬಿಡ್ತಾರೆ. ಅಂಕಪಟ್ಟಿ ಮೇಲೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಅಂತಿದ್ರೆ ಅದು ರಾಜ್ಯ ಬೋರ್ಡ್. ಎಸ್ಸೆಸ್ಸೆಲ್ಸಿ ಅಂಕವನ್ನೂ ವಿಷಯವಾರು ತುಂಬಬೇಕು.

ಚಿಕ್ಕಪೇಟೆ ಗಜಕಡ್ಡಿ
ಕೊನೇ ದಿನಾಂಕ ಜನವರಿ 29 ಅಲ್ವಾ? ಹಾಗಾದ್ರೆ ಇನ್ನೂ ಟೈಮ್ ಇದೆ.

ಲೀಸ್ಟರ್ ಲೋಟ
29 ಇದ್ದದ್ದು 2025ರಲ್ಲಿ. 2026ರ ಪ್ರವೇಶಕ್ಕೆ ಜನವರಿ 14ಕ್ಕೆ ಬಂತು. ತಿಂಗಳ ಮಧ್ಯ ಅಂತಲೇ ಇಟ್ಕೊಂಡು ಆ ವರ್ಷದ ದಿನಾಂಕ ಯೂಕಾಸ್ ಪುಟದಲ್ಲೇ ನೋಡಿ. ಆಕ್ಸ್‌ಫರ್ಡ್, ಕೇಂಬ್ರಿಜ್, ಮತ್ತೆ ಮೆಡಿಸಿನ್ ತರದ ಕೋರ್ಸ್‌ಗೆ ಅಕ್ಟೋಬರ್ 15. ಎರಡಕ್ಕೂ ಅಲ್ಲಿಯ ಸಂಜೆ 6 ಗಂಟೆ. ಅಕ್ಟೋಬರ್‌ನಲ್ಲಿ ನಮಗೆ ಅದು ರಾತ್ರಿ 10.30, ಜನವರಿಯಲ್ಲಿ 11.30. ಅವರು ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಅದಕ್ಕೇ ಈ ವ್ಯತ್ಯಾಸ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಹಾಕೋ ಹಾಗಿಲ್ಲ.

ಗಣಿತದ ಗುಮ್ಮ
ಇನ್ನೊಂದು ಮರೆತಿದ್ದೆ. ಐದಕ್ಕೂ ಹೋಗೋದು ಒಂದೇ ಸ್ಟೇಟ್‌ಮೆಂಟ್. ಒಂದರ ಹೆಸರು ಬರೆದ್ರೆ ಉಳಿದ ನಾಲ್ಕಕ್ಕೆ ಕೆಟ್ಟದಾಗಿ ಕಾಣುತ್ತೆ. ಈಗ ಕೋರ್ಸ್ ಬದಲಾಯಿಸಿದ್ರೆ ಐದೂ ಒಂದೇ ದಿಕ್ಕಲ್ಲಿರಲಿ. ಮೂರು ಎಕನಾಮಿಕ್ಸ್, ಎರಡು ಮಾರ್ಕೆಟಿಂಗ್ ಅಂತ ಹಾಕಿದ್ರೆ ಯಾವುದಕ್ಕೂ ನೆಟ್ಟಗೆ ಬರೆಯೋಕಾಗಲ್ಲ. ಕಳಿಸಿದ ಮೇಲೆ ಸ್ಟೇಟ್‌ಮೆಂಟ್ ತಿದ್ದೋಕೆ ಬರಲ್ಲ. ಕೋರ್ಸ್ ಬದಲಿಸೋಕೆ 14 ದಿನ ಇರುತ್ತೆ.

ಚಿಕ್ಕಪೇಟೆ ಗಜಕಡ್ಡಿ
ಕೂತು ತಿದ್ದಿದ್ವಿ. ಮ್ಯಾಥ್ಸ್ ಕೇಳೋ ಎರಡನ್ನ ತೆಗೆದು ಬೇರೆ ಎರಡು ಹಾಕಿದ್ದಾಳೆ, ಒಂದು ಕಡೆಗೆ ಮೇಲ್ ಮಾಡಿ ಉತ್ತರಕ್ಕೆ ಕಾಯ್ತಿದ್ದಾಳೆ. ಉದ್ರಿ ಸೇರಿಸಿದ ಮೇಲೆ ಮೂರನೇ ಉತ್ತರ 870 ಆಯ್ತು, ಆದ್ರೆ ಒಟ್ಟು 4,400. ಎಲ್ಲಿ ಕತ್ತರಿಸೋದು?

ಹುಬ್ಬಳ್ಳಿ ಗಿರ್ಮಿಟ್
"ಅಪಾರ ಒಲವು" ಹೋತೋ ಇಲ್ಲೋ?

ಚಿಕ್ಕಪೇಟೆ ಗಜಕಡ್ಡಿ
ಇನ್ನೂ ಇದೆ. ಅವರಪ್ಪಂಗೆ ಆ ಸಾಲು ಬಹಳ ಇಷ್ಟ.

ಸೂಚ್ಯಂಕ
ಮೊದಲ ಪ್ಯಾರಾ ಪೂರ್ತಿ ತೆಗೆದು ಎರಡನೇ ಪ್ಯಾರಾದಿಂದ ಶುರು ಮಾಡಿ ನೋಡಿ, 300 ಅಲ್ಲೇ ಉಳಿಯುತ್ತೆ. ಆಮೇಲೆ ಅಂಕಪಟ್ಟಿಯಲ್ಲಿ ಇರೋದನ್ನೆಲ್ಲ ಹೊಡೀರಿ, "ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು ಶೇಕಡಾ" ಅನ್ನೋದು ಫಾರಂನ ಬೇರೆ ಕಡೆ ಇದ್ದೇ ಇದೆ. ಮೂರು ಉತ್ತರವನ್ನೂ ಅವರು ಒಟ್ಟಿಗೆ ಓದ್ತಾರೆ, ಒಂದು ಕಡೆ ಹೇಳಿದ್ದನ್ನ ಇನ್ನೊಂದು ಕಡೆ ಹೇಳಿದ್ರೆ ಅದೂ ಖಾಲಿ ಜಾಗವೇ.

ಮಂಡ್ಯದ ಬೆಲ್ಲ
ನಡುವೆ ಒಂದು ಸಂದೇಹ. ಪಿಯು ಇಂಗ್ಲಿಷ್ ಅಂಕ ಚೆನ್ನಾಗಿದ್ರೆ ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಬೇಡ್ವಂತೆ, ಹೌದಾ?

ಸಹಿ ಸೀಲು
ಕೆಲವು ಕಡೆ ಹೌದು. ಯಾವ ಬೋರ್ಡು, ಎಷ್ಟು ಅಂಕ ಅನ್ನೋದನ್ನ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ತರ ನೋಡುತ್ತೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಉದ್ರಿ ಲೆಕ್ಕವೇ ಇನ್ನೂ ಮುಗಿದಿಲ್ಲ.